ಕಾಡು ಹೋದ ಬಂಡೆಯ ಮೇಲೆ ಇನ್ನೂ ಏನಾದರೂ ಉಳಿದಿದೆಯೇ? (ಕೆಲ್ಪ್ ತಳದ ಸೂಕ್ಷ್ಮಜೀವಿಗಳನ್ನು ನೋಡುವ ಬಗೆ)

ಕಲ್ಲುಪಾಚಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಉತ್ತರ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಬುಲ್ ಕೆಲ್ಪ್ (ಕಡಲೊಳಗೆ ಕಾಡಿನಂತೆ ಬೆಳೆಯುವ ಕಂದುಪಾಚಿ) ಬಗ್ಗೆ ಕೆಲಸ ಮಾಡುತ್ತಿರುವ ವಿದ್ಯಾರ್ಥಿನಿ ನಾನು. ಕೆಲ್ಪ್ ಬಗ್ಗೆ ಅಂದರೂ ನಾನು ಮುಳುಗುವ ಜಾಗದಲ್ಲಿ ಈಗ ಕೆಲ್ಪೇ ಇಲ್ಲ. 2013ರಿಂದ ನಕ್ಷತ್ರಮೀನುಗಳು ಕೊಳೆತು ಸತ್ತವು. 2014ರಿಂದ 2016ರವರೆಗೆ ಸಮುದ್ರದ ನೀರೇ ಕಾದು ಕೂತಿತು. ತಿನ್ನುವವರಿಲ್ಲದೆ, ಕೆಲ್ಪ್ ಮೇಯುವ ಮುಳ್ಳುಚೆಂಡಿನಂಥ ನೇರಳೆ ಅರ್ಚಿನ್‌ಗಳು ಮಿತಿಮೀರಿ ಹೆಚ್ಚಿದವು. ಸುಮಾರು 350 ಕಿಲೋಮೀಟರ್ ತೀರದಲ್ಲಿ ಬುಲ್ ಕೆಲ್ಪ್‌ನ ಹೊದಿಕೆ 95%ಕ್ಕಿಂತ ಹೆಚ್ಚು ಇಲ್ಲವಾಯಿತು. ಹತ್ತು ಮೀಟರ್ ಆಳಕ್ಕೆ ಇಳಿದರೆ ಕಾಣುವುದು ಗುಲಾಬಿ ಬಣ್ಣದ ಬೋಳು ಬಂಡೆ, ಅದರ ಮೇಲೆ ಮುಳ್ಳಿನ ಉಂಡೆಗಳ ಹಾಸು.

ಒಂದು ಸಣ್ಣ ಜಾಗದಲ್ಲಿ ಅರ್ಚಿನ್‌ಗಳನ್ನು ಕೈಯಾರೆ ಆರಿಸಿ ತೆಗೆದಿದ್ದೇವೆ. ಈಗ ನನ್ನ ಪ್ರಶ್ನೆ: ಆ ಬಂಡೆಯ ಮೇಲೆ ಕೆಲ್ಪ್‌ನ ಸೂಕ್ಷ್ಮ ಹಂತ ಇನ್ನೂ ಜೀವಂತ ಇದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ? ಇದ್ದರೆ ಕಾಯುತ್ತೇವೆ. ಇಲ್ಲದಿದ್ದರೆ ಹೊರಗಿನಿಂದ ಬೀಜಾಣು ತರಬೇಕು. ನನ್ನ ಹತ್ತಿರ ಇರೋದು ಒಂದು ಉಳಿ, ಸುತ್ತಿಗೆ, ಕ್ಯಾಮೆರಾ ಕೂರಿಸಿದ ಸೂಕ್ಷ್ಮದರ್ಶಕ, 12 ಡಿಗ್ರಿಯ ಒಂದು ತಂಪು ಪೆಟ್ಟಿಗೆ. "ಡಿಎನ್‌ಎ ಮಾಡಿಸಿ ಮುಗಿಸು" ಅನ್ನೋದು ನಮ್ಮ ಗೈಡ್ ಅಭಿಪ್ರಾಯ. ನನಗೆ ಯಾಕೋ ಸಮಾಧಾನ ಇಲ್ಲ.

ಸುಮ್ನೆಓದುವವ

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಕೆಲ್ಪ್ ಅಂದ್ರೆ ಮರದಷ್ಟು ಎತ್ತರ ಬೆಳೆಯೋದು ಅಲ್ವಾ? ಅದಕ್ಕೆ ಸೂಕ್ಷ್ಮ ಹಂತ ಅಂದ್ರೇನು? ಬೀಜನಾ?

ಹಳೆಗಾಜು

ಬೀಜ ಅಲ್ಲ. ಬೀಜವಾಗಿದ್ದರೆ ನಮ್ಮ ಕೆಲಸ ಎಷ್ಟೋ ಹಗುರ ಇರುತ್ತಿತ್ತು, ಹೆಕ್ಕಿ ಎಣಿಸಬಹುದಿತ್ತು.

ಕೆಲ್ಪ್‌ಗೆ ಎರಡು ದೇಹಗಳು. ನೀವು ಫೋಟೋದಲ್ಲಿ ನೋಡುವ ದೈತ್ಯ ಒಂದು. ಅದು ಬೀಜಾಣುಗಳನ್ನು ಬಿಡುತ್ತದೆ. ಒಂದೊಂದೂ ಕೆಲವೇ ಮೈಕ್ರಾನ್ ಗಾತ್ರ, ಎರಡು ಚಾವಟಿ ಬಾಲ, ಸ್ವಲ್ಪ ಕಾಲ ಈಜಿ ಬಂಡೆಗೆ ಅಂಟಿಕೊಳ್ಳುತ್ತದೆ. ಅಲ್ಲಿ ಮೊಳೆತು ಗ್ಯಾಮಿಟೋಫೈಟ್ ಆಗುತ್ತದೆ: ಕೆಲವು ಜೀವಕೋಶಗಳ ಕಂದು ಎಳೆ, ಗಂಡು ಬೇರೆ, ಹೆಣ್ಣು ಬೇರೆ. ಇದೇ ಎರಡನೆಯ ದೇಹ. ಹೆಣ್ಣಿನ ಮೊಟ್ಟೆ ಹೊರಬಂದರೂ ಗೂಡಿನ ಬಾಯಿಗೇ ಅಂಟಿಕೊಂಡು ಕೂತಿರುತ್ತದೆ, ಅಲ್ಲಿಂದಲೇ ಒಂದು ವಾಸನೆ ಬಿಡುತ್ತದೆ. ಆ ರಾಸಾಯನಿಕದ ಹೆಸರು ಲಾಮಾಕ್ಸಿರೀನ್. ಅದು ತಾಗಿದ ಕೆಲವೇ ಸೆಕೆಂಡುಗಳಲ್ಲಿ ಹತ್ತಿರದ ಗಂಡು ಎಳೆಗಳು ಸಿಡಿದು ವೀರ್ಯಾಣು ಹೊರಹಾಕುತ್ತವೆ. ಹತ್ತಿರ ಅಂದರೆ ನಿಜಕ್ಕೂ ಹತ್ತಿರ ಇರಬೇಕು. ದೈತ್ಯ ಕೆಲ್ಪ್ ಅನ್ನುವ ಇನ್ನೊಂದು ಜಾತಿಯಲ್ಲಿ ಚದರ ಮಿಲಿಮೀಟರಿಗೆ ಸುಮಾರು ಒಂದಾದರೂ ಬೀಜಾಣು ಕೂರದಿದ್ದರೆ ಹೊಸ ಗಿಡ ಹುಟ್ಟುವುದು ಕಷ್ಟ.

ಕೆಲ್ಪ್‌ಗಳ ಈ ಎರಡು ದೇಹಗಳ ಗುಟ್ಟನ್ನು 1915ರಲ್ಲಿ ಬಿಡಿಸಿದವರು ಫ್ರಾನ್ಸಿನ ಕಮಿಲ್ ಸೊವಾಜೋ. ಅಲ್ಲಿಯವರೆಗೆ ಜನ ದೈತ್ಯನನ್ನೇ ನೋಡುತ್ತ ಇದಕ್ಕೆ ಗಂಡು–ಹೆಣ್ಣು ಎಲ್ಲಿ ಅಂತ ಹುಡುಕುತ್ತಿದ್ದರು. ಅದು ಕಾಲಬುಡದ ಕಲ್ಲಿನ ಮೇಲೇ ಇತ್ತು.

ಈಗ ಕಲ್ಲುಪಾಚಿ ಅವರ ವಿಷಯ. ಬುಲ್ ಕೆಲ್ಪ್ ಒಂದೇ ವರ್ಷದ ಜೀವ. ವಸಂತದಲ್ಲಿ ಹುಟ್ಟಿ, ಬೇಸಿಗೆಯಲ್ಲಿ ನೀರಿನ ಮೇಲ್ಮೈ ಮುಟ್ಟಿ, ಚಳಿಗಾಲದ ಅಲೆಗೆ ಕಿತ್ತುಹೋಗುತ್ತದೆ. ಅಂದರೆ ಪ್ರತಿ ಚಳಿಗಾಲದಲ್ಲೂ ಆ ಕಾಡಿನ ಬಹುಪಾಲು ಇರುವುದು ಬಂಡೆಯ ಮೇಲಿನ ಕಣ್ಣಿಗೆ ಕಾಣದ ಎಳೆಗಳಾಗಿ. ಹಾಗಾಗಿ "ಉಳಿದಿದೆಯೇ" ಅನ್ನುವ ಪ್ರಶ್ನೆ ಈ ಜಾತಿಗೆ ಪ್ರತಿ ವರ್ಷದ ಪ್ರಶ್ನೆ. ಇದರ ನಿಜವಾದ ವಿಳಾಸವೇ ಆ ಕಲ್ಲು.

ನಾಲ್ಕಕ್ಷರ

ಹಳೆಗಾಜು ಸರ್ ಹೇಳಿದ ಜೀವನಚಕ್ರ ಸರಿ. ಆದರೆ ಹುಡುಕೋ ವಿಧಾನದಲ್ಲಿ ನಾನು ಗೈಡ್ ಪರ. ಕಾರಣ ಸರಳ. ಹತ್ತಾರು ಜಾತಿಯ ಕೆಲ್ಪ್‌ಗಳ ಗ್ಯಾಮಿಟೋಫೈಟ್‌ಗಳು ನೋಡೋಕೆ ಒಂದೇ ಥರ. ಎಷ್ಟು ದೊಡ್ಡ ಲೆನ್ಸ್ ಇಟ್ಟರೂ ಕಂದು ಎಳೆ ಕಂದು ಎಳೆಯೇ. ಕಲ್ಲಿನ ಮೇಲಿನ ಪದರ ಕೆರೆದು ಡಿಎನ್‌ಎ ತೆಗೆದು, ಜಾತಿ ಗುರುತಿಸೋಕೆ ಬಳಸೋ ಸಿಒಐ ಜೀನಿನ ಒಂದು ತುಣುಕನ್ನು ಓದಿದರೆ ಜಾತಿ ಗೊತ್ತಾಗುತ್ತೆ. (18ಎಸ್ ಅನ್ನೋ ಜೀನ್ ಬೇಡ, ಕೆಲ್ಪ್‌ಗಳ ಮಧ್ಯೆ ಅದು ಅಷ್ಟು ಭೇದ ತೋರಿಸಲ್ಲ.) ಅದೇ ಮಾದರಿಯಲ್ಲಿ ಡಯಾಟಮ್ (ಸಿಲಿಕಾ ಚಿಪ್ಪಿನ ಏಕಕೋಶ ಪಾಚಿ), ಬ್ಯಾಕ್ಟೀರಿಯಾ, ಹುಳು ಎಲ್ಲದರ ಪಟ್ಟಿಯೂ ಸಿಗುತ್ತೆ. ಒಂದು ದಿನದ ಮುಳುಗು, ಒಂದು ವಾರದ ಲ್ಯಾಬು.

ಸೂಕ್ಷ್ಮದರ್ಶಕ ಪ್ರೀತಿಯ ವಿಷಯ, ಗೊತ್ತು. ಆದರೆ ಸಮಯ ಯಾರಿಗಿದೆ?

ಹಳೆಗಾಜು

ಸಮಯ ಇಲ್ಲದವರು ಚಳಿಗಾಲದ ಕೆಲ್ಪ್ ಕೈಗೆತ್ತಿಕೊಳ್ಳಬಾರದು.

ನಾಲ್ಕಕ್ಷರ ಅವರೇ, ಒಂದು ಮಾತು ಹೇಳಿ. ಐವತ್ತು ಕಿಲೋಮೀಟರ್ ದೂರದಲ್ಲಿ ಕಿತ್ತುಹೋದ ಒಂದು ಎಲೆ ತೇಲಿ ಬಂದು ಆ ಬಂಡೆಯ ಮೇಲೆ ಕೊಳೆಯಿತು ಅನ್ನಿ. ಅದರ ಡಿಎನ್‌ಎಗೂ ಬಂಡೆಗೆ ಅಂಟಿದ ಜೀವಂತ ಗ್ಯಾಮಿಟೋಫೈಟ್‌ನ ಡಿಎನ್‌ಎಗೂ ಸಿಒಐನಲ್ಲಿ ಏನು ವ್ಯತ್ಯಾಸ ಕಾಣುತ್ತದೆ? ಏನೂ ಇಲ್ಲ. ಅರ್ಚಿನ್ ತಿಂದು ಹಾಕಿದ ಹಿಕ್ಕೆಯಲ್ಲೂ ಅದೇ ಅಕ್ಷರಗಳು. ಸತ್ತ ಜೀವಿಯ ಡಿಎನ್‌ಎ ಕೆಸರಿನ ಕಣಕ್ಕೆ ಅಂಟಿಕೊಂಡು ಬಹಳ ಕಾಲ ಉಳಿಯುತ್ತದೆ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಲ್ಲುಪಾಚಿ ಅವರು ಕೇಳಿದ್ದು "ಕೆಲ್ಪ್ ಇಲ್ಲಿ ಬಂದಿತ್ತೇ" ಅಂತ ಅಲ್ಲ, "ಬದುಕಿದೆಯೇ" ಅಂತ.

ನಕ್ಷತ್ರಮೀನಿನ ರೋಗದ ಕಥೆಯನ್ನೇ ನೋಡಿ. 2014ರಲ್ಲಿ ಜೀನ್ ಓದಿ ಒಂದು ಡೆನ್ಸೊವೈರಸ್ ಮೇಲೆ ಅನುಮಾನ ಪಟ್ಟರು. ಆ ಅನುಮಾನ ನಿಲ್ಲಲಿಲ್ಲ. ಕೊನೆಗೆ 2025ರಲ್ಲಿ ವಿಬ್ರಿಯೋ ಪೆಕ್ಟೆನಿಸಿಡಾ ಅನ್ನುವ ಬ್ಯಾಕ್ಟೀರಿಯಾ ಅಂತ ಖಚಿತವಾಯಿತು. ಅದೂ ಹೇಗೆ? ಬ್ಯಾಕ್ಟೀರಿಯಾವನ್ನು ಬೆಳೆಸಿ, ಆರೋಗ್ಯವಂತ ನಕ್ಷತ್ರಮೀನಿಗೆ ಕೊಟ್ಟು, ಅದು ಕೊಳೆಯುವುದನ್ನು ಕಣ್ಣಾರೆ ಕಂಡು.

ನಾಲ್ಕಕ್ಷರ

ಅರ್ಧ ಕಥೆ ಹೇಳಬೇಡಿ ಸರ್. ವರ್ಷಗಟ್ಟಲೆ ಜನ ಹುಡುಕಿದ್ದು ಅಂಗಾಂಶದಲ್ಲಿ. ದೇಹದೊಳಗಿನ ದ್ರವದಲ್ಲಿ ಏನಿದೆ ಅಂತ ರೋಗಿಗಳನ್ನೂ ಆರೋಗ್ಯವಂತರನ್ನೂ ಪಕ್ಕಪಕ್ಕ ಇಟ್ಟು ಅನುಕ್ರಮ ಓದಿದಾಗ ತಾನೇ ಆ ವಿಬ್ರಿಯೋ ಎದ್ದು ಕಂಡಿದ್ದು? ಬೆಳೆಸೋಕೆ ಮೊದಲು ಯಾವುದನ್ನು ಬೆಳೆಸಬೇಕು ಅಂತ ಹೇಳಿದ್ದು ಜೀನಿನ ನಾಲ್ಕು ಅಕ್ಷರಗಳೇ.

ಆದರೆ ಕೊಳೆತ ಎಲೆಯ ವಿಷಯ ಒಪ್ಪುತ್ತೇನೆ. ಆರ್‌ಎನ್‌ಎ ನೋಡಬಹುದು, ಸತ್ತ ಮೇಲೆ ಅದು ಬೇಗ ಹಾಳಾಗುತ್ತೆ. ಆದರೂ ತೇಲಿ ಬಂದ ತಾಜಾ ತುಣುಕು ಮೋಸ ಮಾಡಬಹುದು, ನಿಜ.

ಜರಡಿ

ನೀವಿಬ್ಬರೂ ಕೆಲ್ಪ್ ಕೆಲ್ಪ್ ಅಂತ ಜಗಳ ಆಡ್ತಾ ಇರಿ, ಕಲ್ಲುಪಾಚಿ ಅವರೇ ನನ್ನ ಮಾತು ಸ್ವಲ್ಪ ಕೇಳಿ. ಕಲ್ಲಿನ ಚೂರು ತೊಳೆದ ನೀರನ್ನು ದಯವಿಟ್ಟು ಚೆಲ್ಲಬೇಡಿ! ಕೆಲ್ಪ್ ಎಳೆ ಇದ್ದರೂ ಅದು ಒಂಟಿಯಾಗಿ ಇರಲ್ಲ, ಅದರ ಹಣೆಬರಹ ಬರೆಯೋರು ಆ ನೀರಲ್ಲೇ ಇದ್ದಾರೆ.

ನಾನು ಮಾಡೋದು ಮಿಯೋಬೆಂಥೋಸ್, ಅಂದ್ರೆ ಕಡಲತಳದ ಅತಿ ಸಣ್ಣ ಜೀವಿಗಳ ಕೆಲಸ. ಆ ಹೆಸರು ಕೊಟ್ಟವರು ಇಂಗ್ಲೆಂಡಿನ ಪ್ಲಿಮತ್‌ನ ಮಾಲಿ ಮೇರ್, 1942ರಲ್ಲಿ. ಲೆಕ್ಕ ಹೀಗೆ: 1 ಮಿಮೀ ಜರಡಿಯಲ್ಲಿ ಇಳಿದು ಹೋಗಬೇಕು, 63 ಮೈಕ್ರಾನ್ ಜರಡಿಯಲ್ಲಿ ನಿಲ್ಲಬೇಕು. (ಕೆಲವರು ಇನ್ನೂ ಸಣ್ಣ ಕಣ್ಣಿನದು ಇಡ್ತಾರೆ.) ಈ ಎರಡು ಜರಡಿಗಳ ಮಧ್ಯೆ ಒಂದು ಇಡೀ ಲೋಕ ಇದೆ. ಮರಳು, ಕೆಸರು ಇರೋ ಕಡೆ ದುಂಡುಹುಳುಗಳದ್ದೇ ರಾಜ್ಯ. ಕಲ್ಲಿನ ಮೇಲಿನ ಪಾಚಿಗೆ ಬಂದರೆ ಹಾರ್ಪಾಕ್ಟಿಕಾಯ್ಡ್ ಅನ್ನೋ ಕೋಪೆಪಾಡ್‌ಗಳು (ಸಿಗಡಿಯ ದೂರದ ನೆಂಟರು) ಮುಂದೆ. ಅರ್ಧ ಮಿಲಿಮೀಟರ್ ಮೈ, ಒಂದು ಕೆಂಪು ಕಣ್ಣು, ಹೆಣ್ಣಾದರೆ ಹೊಟ್ಟೆಯ ಕೆಳಗೆ ಮೊಟ್ಟೆಯ ಚೀಲ. ಇವು ಬಂಡೆಯ ಮೇಲಿನ ಲೋಳೆಯನ್ನು ಹಸು ಮೇಯ್ದ ಹಾಗೆ ಮೇಯ್ತವೆ. ಡಯಾಟಮ್, ಬ್ಯಾಕ್ಟೀರಿಯಾ, ಸಿಕ್ಕರೆ ಕೆಲ್ಪ್ ಮೊಳಕೆ ಏನು ಬಿಟ್ಟಾವು? ಇವರ ಜೊತೆಗೆ ಫೊರಾಮಿನಿಫೆರಾ, ಆಸ್ಟ್ರಕಾಡ್, ಆಗೊಮ್ಮೆ ಈಗೊಮ್ಮೆ ಒಂದು ಟಾರ್ಡಿಗ್ರೇಡ್.

ಹಿಡಿಯೋ ಬಗೆ ಹೇಳ್ತೀನಿ. ಇವುಗಳಿಗೆ ಕಲ್ಲನ್ನು ಅಪ್ಪಿಕೊಳ್ಳೋದೇ ಉದ್ಯೋಗ, ಅಲೆಯ ಹೊಡೆತದಲ್ಲಿ ಬದುಕೋ ಜೀವ. ಸುಮ್ಮನೆ ತೊಳೆದರೆ ಬಿಡಲ್ಲ. ಸುಮಾರು 7.5% ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹತ್ತು ನಿಮಿಷ ಬಿಡಿ, ಸ್ನಾಯು ಸಡಿಲ ಆಗಿ ಕೈಬಿಡ್ತವೆ. ಆಮೇಲೆ ಜರಡಿ. ಕೆಸರು ಜಾಸ್ತಿ ಇದ್ದರೆ ಲೂಡಾಕ್ಸ್ ಅನ್ನೋ ಸಿಲಿಕಾ ದ್ರವದಲ್ಲಿ ತೇಲಿಸಿ, ಆದರೆ ಅದಕ್ಕೆ ಮೊದಲು ಮಾದರಿಯನ್ನು ಸಿಹಿನೀರಲ್ಲಿ ಚೆನ್ನಾಗಿ ತೊಳೀಬೇಕು. ಉಪ್ಪು ತಾಗಿದರೆ ಲೂಡಾಕ್ಸ್ ಗಟ್ಟಿಯಾಗಿ ಜೆಲ್ ಆಗುತ್ತೆ. ನನ್ನ ಮೊದಲ ಮಾದರಿ ಹಾಗೇ ಆಯ್ತು. ಬಾಟಲಿಯನ್ನು ತಲೆಕೆಳಗು ಮಾಡಿದರೂ ಬೀಳಲಿಲ್ಲ, ಒಳಗೆ ನನ್ನ ಮೂರು ದಿನದ ಮುಳುಗು.

ಸಿಹಿನೀರು ಅಂದ ಕೂಡಲೇ ನೆನಪಾಯ್ತು. 1982ರಲ್ಲಿ ಫ್ರಾನ್ಸಿನ ರೊಸ್ಕಾಫ್‌ನಲ್ಲಿ ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ರೈನ್‌ಹಾರ್ಟ್ ಕ್ರಿಸ್ಟೆನ್ಸೆನ್ ಅವರಿಗೆ ಊರು ಬಿಡೋ ಅವಸರ. ನಿಧಾನದ ವಿಧಾನ ಬಿಟ್ಟು ಚಿಪ್ಪಿನ ಮರಳನ್ನು ಸಿಹಿನೀರಲ್ಲಿ ತೊಳೆದರು. ಅಲ್ಲಿಯವರೆಗೆ ಮರಳಿನ ಕಣಕ್ಕೆ ಕಚ್ಚಿಕೊಂಡು ಯಾರ ಕೈಗೂ ಸರಿಯಾಗಿ ಸಿಗದಿದ್ದ ಪ್ರಾಣಿ ಉದುರಿತು. 1983ರಲ್ಲಿ ಲೊರಿಸಿಫೆರಾ ಅಂತ ಒಂದು ಹೊಸ ವಂಶವೇ ಪ್ರಾಣಿಶಾಸ್ತ್ರಕ್ಕೆ ಸೇರಿತು. ತೊಳೆಯೋ ನೀರು ಬದಲಿಸಿದ್ದಕ್ಕೆ!

ಸುಮ್ನೆಓದುವವ

ಜರಡಿ ಅವರೇ, ಮಸ್ತ್. ಆದರೆ ಬೋಳು ಬಂಡೆ ಅಂದ್ರಲ್ಲ, ಅಲ್ಲಿ ಇಷ್ಟೆಲ್ಲ ಇರುತ್ತಾ?

ಜರಡಿ

ಬೋಳು ಅನ್ನೋದು ಮುಳುಗುವವರ ಭಾಷೆ. ಆ ಗುಲಾಬಿ ಬಣ್ಣವೇ ಜೀವ, ಸುಣ್ಣಗಟ್ಟಿದ ಕೋರಲೈನ್ ಅನ್ನೋ ಕೆಂಪುಪಾಚಿ. ಅದರ ಮೇಲೆ ಬ್ಯಾಕ್ಟೀರಿಯಾದ ಪದರ. ಅಬಲೋನ್ ಅನ್ನೋ ಕಡಲಬಸವನಹುಳುವಿನ ಮರಿಗಳು ನೀರಿನಿಂದ ಇಳಿದು ಕೂರೋಕೆ ಹುಡುಕೋದು ಇದನ್ನೇ. ದುರದೃಷ್ಟಕ್ಕೆ ಅರ್ಚಿನ್ ಮರಿಗಳಿಗೂ ಇದು ಇಷ್ಟ. ಹಾಗಾಗಿ ಒಂದು ಸಲ ಬೋಳಾದ ಬಂಡೆ ತನ್ನನ್ನು ಬೋಳಿಸುವವರನ್ನೇ ಮತ್ತೆ ಕರೆಯುತ್ತೆ.

ಹಳೆಗಾಜು

ಜರಡಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಡಯಾಟಮ್‌ಗಳನ್ನು ಕಡೆಗಣಿಸಬೇಡಿ. ಕಲ್ಲಿಗೆ ಮಗುಚಿಟ್ಟ ತಟ್ಟೆಯಂತೆ ಅಂಟಿಕೊಳ್ಳುವ ಕೊಕೊನೀಸ್, ದಂಟಿನ ತುದಿಗೆ ಬೀಸಣಿಗೆ ಬಿಚ್ಚಿದಂತೆ ನಿಲ್ಲುವ ಲಿಕ್ಮೊಫೊರಾ. ಇವೆರಡನ್ನು ನೋಡಿದ ದಿನ ನನಗೆ ಬೇರೆ ಕೆಲಸ ಸಾಗುವುದಿಲ್ಲ. ಕೆಲ್ಪ್ ಮೊಳಕೆಗೆ ಜಾಗಕ್ಕಾಗಿ, ಬೆಳಕಿಗಾಗಿ ಮೊದಲ ಪೈಪೋಟಿ ಇವರಿಂದ. ತಮಾಷೆ ಎಂದರೆ ಕೆಲ್ಪ್‌ಗೆ ಇವರು ದಾಯಾದಿಗಳು. ಕೆಲ್ಪ್ ಸಸ್ಯವಂಶದ್ದಲ್ಲ, ಹುಲ್ಲು–ಮರಗಳಿಗಿಂತ ಡಯಾಟಮ್‌ಗೇ ಹತ್ತಿರದ ನೆಂಟ. ಎರಡಕ್ಕೂ ಕಂದು ಬಣ್ಣ ಕೊಡುವುದು ಫ್ಯೂಕೊಝಾಂಥಿನ್ ಅನ್ನುವ ಒಂದೇ ವರ್ಣಕ.

ಕೆಂಪುದೀಪ

ನಾನು ಕೆಲ್ಪ್ ಮೊಳಕೆ ಮಾಡೋ ಹ್ಯಾಚರಿಯಲ್ಲಿ ಕೆಲಸ ಮಾಡೋನು. ಸಿದ್ಧಾಂತ ಗೊತ್ತಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳ್ತೀನಿ.

ಬದುಕಿದೆಯಾ ಅಂತ ತಿಳಿಯೋಕೆ ಒಂದೇ ದಾರಿ, ಬೆಳೆಸಿ ನೋಡಿ.

ಕಲ್ಲಿನ ಚೂರನ್ನು ನೀರಿನೊಳಗೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಮೇಲೆ ತಂದಾಗ ಬಿಸಿಲಿಗೆ ಹಿಡೀಬೇಡಿ, ತಂಪಲ್ಲಿ ಕತ್ತಲಲ್ಲಿ ಇಡಿ. ಹತ್ತು ಮೀಟರ್ ಆಳದಲ್ಲಿದ್ದ ಎಳೆಗೆ ಮಧ್ಯಾಹ್ನದ ಬಿಸಿಲು ಅಂದ್ರೆ ಸಾವು. ಲ್ಯಾಬಲ್ಲಿ 12 ಡಿಗ್ರಿ ಸಾಕು. 20 ಹತ್ತಿರ ಹೋದರೆ ಮೊಟ್ಟೆ ಇಡಲ್ಲ. ಪೋಷಕಾಂಶ ಹಾಕಿದ ಶುದ್ಧ ಕಡಲನೀರು. ಅದರಲ್ಲಿ ಕಬ್ಬಿಣ ಇರಲೇಬೇಕು.

ಮೊದಲು ಕೆಂಪು ಬೆಳಕು. ಕೆಂಪಲ್ಲಿ ಗ್ಯಾಮಿಟೋಫೈಟ್ ಬರೀ ಎಳೆ ಎಳೆಯಾಗಿ ಬೆಳೆಯುತ್ತೆ, ಮದುವೆ ಯೋಚನೆ ಮಾಡಲ್ಲ. ವರ್ಷಗಟ್ಟಲೆ ಹಾಗೇ ಇಟ್ಟಿರ್ತೀವಿ ನಾವು. ಸಂಖ್ಯೆ ಸಾಕು ಅನ್ನಿಸಿದಾಗ ನೀಲಿ ಅಥವಾ ಬಿಳಿ ಬೆಳಕು. ನೀಲಿ ಬಿದ್ದರೇ ಮೊಟ್ಟೆ. 1978ರಲ್ಲಿ ಲ್ಯೂನಿಂಗ್ ಮತ್ತು ನ್ಯೂಶುಲ್ ದಕ್ಷಿಣ ಮತ್ತು ಮಧ್ಯ ಕ್ಯಾಲಿಫೋರ್ನಿಯಾದ ಕೆಲ್ಪ್‌ಗಳಲ್ಲಿ ಇದನ್ನ ತೋರಿಸಿದ್ದು. ನಮ್ಮ ಕಸುಬು ನಿಂತಿರೋದೇ ಅದರ ಮೇಲೆ. ಮೊಟ್ಟೆ ಹೊರಬರೋದನ್ನ ನೋಡಬೇಕು ಅಂದ್ರೆ ದೀಪ ಆರಿಸಿದ ಮೊದಲ ಅರ್ಧ ಗಂಟೆ ಕಾಯಿರಿ.

ಡಯಾಟಮ್ ಬಂದೇ ಬರುತ್ತೆ, ಎರಡು ವಾರದಲ್ಲಿ ಎಲ್ಲ ಮುಚ್ಚಿಬಿಡುತ್ತೆ. (ಹಳೆಗಾಜು ಸರ್ ಬೇಜಾರು ಮಾಡ್ಕೋಬೇಡಿ.) ಜರ್ಮೇನಿಯಂ ಡೈಆಕ್ಸೈಡ್ ಹಾಕಿ. ಸಿಲಿಕಾನ್ ಅಂತ ತಿಳ್ಕೊಂಡು ಡಯಾಟಮ್ ಅದನ್ನ ತಗೊಳ್ಳುತ್ತೆ, ಚಿಪ್ಪು ಕಟ್ಟೋಕಾಗದೆ ಸಾಯುತ್ತೆ. ಅತಿ ಮಾಡಿದರೆ ಕೆಲ್ಪ್‌ಗೂ ಏಟು.

ಮುಖ್ಯ: ಕೆಲವು ಚೂರುಗಳನ್ನ ಕುದಿಸಿ. ಅವನ್ನೂ ಜೊತೆಗೇ ಬೆಳೆಸಿ. ಕುದಿಸಿದ್ದರಲ್ಲಿ ಏನೂ ಬರಬಾರದು.

ಸುಮ್ನೆಓದುವವ

ಇಷ್ಟೆಲ್ಲ ಕಲ್ಲು ಒಡೆದು ತರೋ ಬದಲು ಸೂಕ್ಷ್ಮದರ್ಶಕವನ್ನೇ ಕೆಳಗೆ ತಗೊಂಡು ಹೋಗೋಕಾಗಲ್ವಾ?

ನಾಲ್ಕಕ್ಷರ

ಆಗುತ್ತೆ, ಮಾಡಿದ್ದಾರೆ. ಅಮೆರಿಕದ ಸ್ಕ್ರಿಪ್ಸ್ ಕಡಲ ಸಂಶೋಧನಾ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದ ಯಂತ್ರ ಇದೆ. ಮುಳುಗುವವರೇ ಹಿಡಿದು ನಡೆಸೋದು, ವಿದ್ಯುತ್ತಿನಿಂದ ಫೋಕಸ್ ಬದಲಾಗೋ ಮೆತ್ತನೆಯ ಲೆನ್ಸ್, ಸುತ್ತ ಎಲ್‌ಇಡಿ. ಮುಟ್ಟದೆ, ಕೆಲವು ಸೆಂಟಿಮೀಟರ್ ದೂರದಿಂದಲೇ ಒಂದೊಂದು ಕೋಶದ ಮಟ್ಟಕ್ಕೆ ಹೋಗುತ್ತೆ. ಕೆಂಪು ಸಮುದ್ರದಲ್ಲಿ ಹವಳದ ಪಾಲಿಪ್‌ಗಳು ರಾತ್ರಿ ಒಂದಕ್ಕೊಂದು ಬಾಯಿ ಸೇರಿಸೋದನ್ನ ಅದರಲ್ಲೇ ನೋಡಿದ್ದು.

ಹಳೆಗಾಜು

ಹವಳದ ಜಾಗದ ನೀರು ಸಾಕಷ್ಟು ಶಾಂತ. ಕೆಲ್ಪ್ ಬೆಳೆಯುವ ಕಡೆ ಅಲೆಯ ತುಯ್ದಾಟದಲ್ಲಿ ಮನುಷ್ಯನೇ ಎರಡು ಮೀಟರ್ ಹಿಂದೆ ಮುಂದೆ ಹೋಗುತ್ತಿರುತ್ತಾನೆ. ಹತ್ತು ಮೈಕ್ರಾನಿನ ಎಳೆಯ ಮೇಲೆ ಫೋಕಸ್ ನಿಲ್ಲಿಸುವುದು ಸುಲಭವಲ್ಲ. ನಿಂತರೂ ಎಳೆ ಕಲ್ಲಿನ ಸಂದಿಯಲ್ಲಿ ಇದ್ದರೆ ಲೆನ್ಸ್‌ಗೆ ಕಾಣುವುದಿಲ್ಲ. ಅದು ಕಲ್ಲಿನ ಮೇಲೇ ಇರಬೇಕು ಅಂತಲೂ ಇಲ್ಲ. 1999ರಲ್ಲಿ ಒಂದು ತಂಡ ಕೆಲ್ಪ್ ಗ್ಯಾಮಿಟೋಫೈಟ್‌ಗಳು ಕೆಂಪುಪಾಚಿಗಳ ಮೈಯೊಳಗೆ ವಾಸ ಮಾಡುವುದನ್ನು ವರದಿ ಮಾಡಿತು. ಜೀವಕೋಶದ ಗೋಡೆಗಳ ನಡುವೆ, ಬಾಡಿಗೆಗೆ ಇದ್ದ ಹಾಗೆ. ಅರ್ಚಿನ್ ಹಲ್ಲಿಗೂ ಕೆಸರಿಗೂ ಸಿಗದ ಜಾಗ. ಆದ್ದರಿಂದ ಕಲ್ಲುಪಾಚಿ ಅವರೇ, ಸಂದಿಯಲ್ಲಿ ಉಳಿದ ಕೆಂಪುಪಾಚಿಯ ಎಳೆಗಳು ಸಿಕ್ಕರೆ ಅವನ್ನೂ ತನ್ನಿ.

ಕಲ್ಲುಪಾಚಿ (ಆರು ವಾರಗಳ ನಂತರ)

ಎಲ್ಲರಿಗೂ ಧನ್ಯವಾದ. ಫಲಿತಾಂಶ ಬಂದಿದೆ. ಹನ್ನೆರಡು ಚೂರು ಇಟ್ಟಿದ್ದೆ, ನಾಲ್ಕು ಕುದಿಸಿದವು. ಹನ್ನೊಂದರಲ್ಲಿ ಕಂದು ಎಳೆಗಳು ಬಂದವು.

ಹೌದು. ಕುದಿಸಿದವುಗಳಲ್ಲೂ.

ಕೆಂಪುದೀಪ

ಬನ್ನಿ, ನಮ್ಮ ಸಂಘಕ್ಕೆ ಸ್ವಾಗತ.

ಒಂದೇ ತಟ್ಟೆಯಲ್ಲಿ ಇಟ್ಟಿದ್ರಾ? ಗಾಳಿ ಗುಳ್ಳೆ ಬಿಟ್ಟಿದ್ರಾ? ಬ್ರಷ್?

ಕಲ್ಲುಪಾಚಿ

ಒಂದೇ ತಟ್ಟೆ, ಒಂದೇ ಗಾಳಿ ಕೊಳವೆ. ಹುಳು ಕೆಡವೋಕೆ ಒಂದೇ ಮೃದು ಬ್ರಷ್ಷಿನಲ್ಲಿ ಎಲ್ಲವನ್ನೂ ಸವರಿದ್ದೆ. ಹೇಳೋಕೆ ನಾಚಿಕೆ ಆಗುತ್ತೆ.

ಕೆಂಪುದೀಪ

ನಾಚಿಕೆ ಯಾಕೆ. ಎಳೆಯ ಒಂದು ತುಂಡು ಕಳಚಿ ಬಿದ್ದರೂ ಅದರಿಂದ ಹೊಸ ಎಳೆ ಬರುತ್ತೆ, ನಾವು ಬೇಕಂತಲೇ ರುಬ್ಬಿ ಹೆಚ್ಚಿಸ್ತೀವಿ. ನೀವು ಬ್ರಷ್ಷಲ್ಲಿ ಬಿತ್ತನೆ ಮಾಡಿದ್ದೀರಿ. ಒಂದೊಂದು ಚೂರಿಗೆ ಒಂದೊಂದು ಮುಚ್ಚಳದ ಬಟ್ಟಲು, ಗಾಳಿ ಬೇಡ. ಮತ್ತೆ ಮಾಡಿ. ಈ ತಟ್ಟೆಯಲ್ಲಿ ಕನಿಷ್ಠ ಒಂದು ಚೂರಲ್ಲಾದರೂ ಜೀವ ಇತ್ತು ಅಂತ ಗೊತ್ತಾಯ್ತಲ್ಲ, ಅದೂ ಸಣ್ಣದಲ್ಲ.

ನಾಲ್ಕಕ್ಷರ

ಅಥವಾ ಹಿಂದಿನವರು ಅದೇ ಬ್ರಷ್ಷನ್ನು ಬೇರೆ ಕೆಲ್ಪ್‌ಗೆ ಬಳಸಿದ್ದರೆ, ಒಂದರಲ್ಲೂ ಇರಲಿಲ್ಲ.

ಕೆಂಪುದೀಪ

ಅದೂ ಸರಿ. ಬ್ರಷ್ಷು ಎಸೆಯಿರಿ.

ಜರಡಿ

ಎಸೆಯೋ ಮುಂಚೆ ಬ್ರಷ್ಷಿನ ಕೂದಲು ಒಂದು ಸಲ ಮೆಗ್ನೀಸಿಯಂ ಕ್ಲೋರೈಡಲ್ಲಿ ಅದ್ದಿ ನೋಡಿ :) ಸುಮ್ಮನೆ ಹೇಳಿದೆ. ತೊಳೆದ ನೀರು ಇಟ್ಟಿದ್ದೀರಿ ತಾನೇ?

ಕಲ್ಲುಪಾಚಿ

ಇಟ್ಟಿದ್ದೇನೆ ಜರಡಿ ಅವರೇ. ಹಾರ್ಪಾಕ್ಟಿಕಾಯ್ಡ್‌ಗಳು ತುಂಬಾ ಇವೆ. ಅರ್ಚಿನ್ ತೆಗೆದ ಕಡೆಯ ಚೂರುಗಳಲ್ಲಿ, ತೆಗೆಯದ ಕಡೆಗಿಂತ ಜಾಸ್ತಿ ಅನ್ನಿಸುತ್ತಿದೆ. ಆದರೆ ಇನ್ನೂ ಸರಿಯಾಗಿ ಎಣಿಸಿಲ್ಲ, ಬ್ರಷ್ಷಿನ ಪಾಠ ಆದಮೇಲೆ ಅನ್ನಿಸಿಕೆ ಹೇಳೋಕೆ ಧೈರ್ಯ ಇಲ್ಲ.

ಹಳೆಗಾಜು

ಅರ್ಚಿನ್ ಹೋದ ಕೂಡಲೇ ಲೋಳೆ ದಪ್ಪವಾಗುತ್ತದೆ, ಮೇಯುವ ಸಣ್ಣವರು ಬರುತ್ತಾರೆ. ಸಹಜ. ಆದರೆ ಎಣಿಸಿ.

ಹೊಸ ಚೂರು ತರುವ ತನಕ ಒಂದು ಸಮಾಧಾನದ ಮಾತು. 1997–98ರ ಎಲ್ ನಿನ್ಯೋದಲ್ಲಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ, ದೈತ್ಯ ಕೆಲ್ಪ್ ಬೆಳೆಯುವ ದಕ್ಷಿಣದ ಅಂಚಿನ ಹತ್ತಿರ, ಅದು ಪೂರಾ ಮಾಯವಾಯಿತು. ಹತ್ತಿರದಲ್ಲಿ ಬೀಜಾಣು ಕೊಡುವ ಒಂದು ಗಿಡವೂ ಉಳಿದಿರಲಿಲ್ಲ. ನೀರು ತಣ್ಣಗಾದ ಕೆಲವೇ ತಿಂಗಳಲ್ಲಿ ಮರಿಗಳು ಎದ್ದವು. ಕಲ್ಲಿನ ಮೇಲೆ ಸೂಕ್ಷ್ಮ ಹಂತ ಕಾದು ಕೂತಿತ್ತು ಅನ್ನುವುದೇ ನೋಡಿದವರ ತೀರ್ಮಾನ. ಕೂತಿದ್ದನ್ನು ಮಾತ್ರ ಯಾರೂ ಕಣ್ಣಾರೆ ಕಂಡಿರಲಿಲ್ಲ. ನಿಮ್ಮ ಬಟ್ಟಲುಗಳ ಬಗ್ಗೆ ನನಗೆ ಇಷ್ಟು ಆಸಕ್ತಿ ಇರುವುದು ಅದಕ್ಕೇ.

ಕಲ್ಲುಪಾಚಿ (ಇನ್ನೂ ಹತ್ತು ವಾರಗಳ ನಂತರ)

ಎರಡನೇ ಸುತ್ತು. ಇಪ್ಪತ್ತನಾಲ್ಕು ಚೂರು, ಇಪ್ಪತ್ತನಾಲ್ಕು ಬಟ್ಟಲು, ಬ್ರಷ್ಷಿಲ್ಲ. ಎಂಟು ಕುದಿಸಿದವು. ಅವುಗಳಲ್ಲಿ ಏನೂ ಬಂದಿಲ್ಲ (ಎರಡರಲ್ಲಿ ಡಯಾಟಮ್ ಹೇಗೋ ನುಗ್ಗಿದೆ, ಅಷ್ಟೇ). ಉಳಿದ ಹದಿನಾರರಲ್ಲಿ ಐದರಲ್ಲಿ ಕಂದು ಎಳೆ. ಗಂಡು, ಹೆಣ್ಣು ಎರಡೂ: ಒಂದು ಸಣಕಲು ಕೋಶ, ಇನ್ನೊಂದು ದಪ್ಪ. ಕೆಂಪಿನಿಂದ ನೀಲಿಗೆ ತಂದು ಎರಡು ವಾರ ಆದಮೇಲೆ ದೀಪ ಆರಿಸಿ ಕಾದು ಕೂತೆ. ಕೆಂಪುದೀಪ ಅವರು ಹೇಳಿದ ಅರ್ಧ ಗಂಟೆಯೊಳಗೇ ಮೊಟ್ಟೆ ಹೊರಬಂತು. ಆ ಗೂಡಿನ ತುದಿಯಲ್ಲಿ ದುಂಡಗೆ ಕೂತಿತ್ತು. ಗೈಡ್‌ಗೆ ರಾತ್ರಿಯೇ ಫೋನ್ ಮಾಡಿದೆ.

ಸುಮ್ನೆಓದುವವ

ಅಭಿನಂದನೆ!! ಕಾಡು ಬಂತು!

ಹಳೆಗಾಜು

ತಡೀರಿ. ಮರಿಗಳು ಹೇಗೆ ಕಾಣುತ್ತಿವೆ? ಚಪ್ಪಟೆ ಎಲೆಯೋ, ಗರಿಯೋ?

ಕಲ್ಲುಪಾಚಿ

ಅದನ್ನೇ ಬರೆಯೋಕೆ ಬಂದೆ ಸರ್. ನಾಲ್ಕು ಬಟ್ಟಲಲ್ಲಿ ಬಂದಿರೋದು ಗರಿ. ನಡುವೆ ಒಂದು ಎಳೆ, ಅದರ ಎರಡೂ ಪಕ್ಕ ಎದುರುಬದುರಾಗಿ ಸಣ್ಣ ಎಳೆಗಳು. ಎಲೆ ಅಲ್ಲ.

ಹಳೆಗಾಜು

ಡೆಸ್ಮರೆಸ್ಟಿಯಾ, ಬೇರೊಂದು ಕಂದುಪಾಚಿ. ಕೆಲ್ಪ್ ಅಲ್ಲ. ಅದರ ಗ್ಯಾಮಿಟೋಫೈಟ್ ಕೆಲ್ಪ್‌ನದರಂತೆಯೇ ಇರುತ್ತದೆ, ಗಂಡು ಹೆಣ್ಣು, ಮೊಟ್ಟೆ, ಎಲ್ಲವೂ. ತೆರವಾದ ಜಾಗಕ್ಕೆ ಮೊದಲು ನುಗ್ಗುವವನು. ಕಲ್ಲಿನ ಮೇಲೆ ಬೀಜದ ಉಗ್ರಾಣದಂತೆ ಕಾದು ಕೂರುವುದರಲ್ಲಿ ನಿಸ್ಸೀಮ, ಮಧ್ಯ ಕ್ಯಾಲಿಫೋರ್ನಿಯಾದ ಮಾಂಟೆರೆ ಕಡೆ ಇದರ ಮೇಲೆಯೇ ಕೆಲಸ ಆಗಿದೆ. ಬೆಳೆದ ಮೇಲೆ ಇದರ ಕೋಶಗಳಲ್ಲಿ ಗಂಧಕಾಮ್ಲ ತುಂಬಿರುತ್ತದೆ. ಬೇರೆ ಪಾಚಿಯ ಜೊತೆ ಒಂದೇ ಚೀಲಕ್ಕೆ ಹಾಕಿದರೆ ಮೇಲೆ ಬರುವಷ್ಟರಲ್ಲಿ ಎಲ್ಲ ಬೆಂದು ಬಣ್ಣ ಬಿಟ್ಟಿರುತ್ತದೆ.

ನಾಲ್ಕಕ್ಷರ ಅವರು ಮೊದಲ ದಿನ ಹೇಳಿದ್ದು ಇದನ್ನೇ, ಕಂದು ಎಳೆ ಕಂದು ಎಳೆಯೇ ಅಂತ. ಅವರ ಮಾತು ನಾನು ಇನ್ನಷ್ಟು ಗಮನಿಸಬೇಕಿತ್ತು.

ನಾಲ್ಕಕ್ಷರ

ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ ಸರ್.

ಆದರೆ ನಿಜ ಹೇಳ್ತೀನಿ, ಕೆರೆದ ಪದರವನ್ನು ಅನುಕ್ರಮಕ್ಕೆ ಕಳಿಸಿದ್ದರೆ ನನಗೆ ಡೆಸ್ಮರೆಸ್ಟಿಯಾ ಹೆಸರೂ ಸಿಗ್ತಿತ್ತು, ಬುಲ್ ಕೆಲ್ಪ್ ಹೆಸರೂ ಸಿಗ್ತಿತ್ತು, ಇನ್ನೂ ಹತ್ತು ಹೆಸರೂ ಸಿಗ್ತಿದ್ದವು. ಅದರಲ್ಲಿ ಯಾವುದು ಮೊಟ್ಟೆ ಇಡುತ್ತೆ ಅಂತ ಗೊತ್ತಾಗ್ತಿರಲಿಲ್ಲ. ಐದನೇ ಬಟ್ಟಲು?

ಕಲ್ಲುಪಾಚಿ

ಐದನೆಯದು ಚಪ್ಪಟೆ! ಅದಕ್ಕೇ ಕೈ ನಡುಗುತ್ತಿದೆ. ಒಂದೇ ಒಂದು ಎಲೆ, ಒಂದೂವರೆ ಮಿಲಿಮೀಟರ್. ಬಟ್ಟಲಿನ ಗುರುತು ನೋಡಿದೆ, ಹಳೆಗಾಜು ಸರ್ ಹೇಳಿದಂತೆ ಸಂದಿಯಿಂದ ತಂದ ಕೆಂಪುಪಾಚಿ ಅಂಟಿದ್ದ ಚೂರು ಅದು. ಕೆಲ್ಪ್ ಅನ್ನೋದು ಬಹುತೇಕ ಖಚಿತ, ಆದರೆ ಬುಲ್ ಕೆಲ್ಪೋ ಬೇರೆಯೋ ಈ ಗಾತ್ರದಲ್ಲಿ ಹೇಳೋಕಾಗಲ್ಲ.

ನಾಲ್ಕಕ್ಷರ ಅವರೇ, ಒಂದು ಚೂರು ಕಳಿಸಿದರೆ ಸಿಒಐ ಓದಿಸಿ ಕೊಡ್ತೀರಾ? ಉಳಿದರ್ಧ ಬೆಳೆಯೋಕೆ ಬಿಡಬೇಕು. ಕೆಂಪುದೀಪ ಅವರೇ, ಒಂದೂವರೆ ಮಿಲಿಮೀಟರಿನ ಎಲೆಯನ್ನು ಎರಡು ಮಾಡೋದು ಹೇಗೆ?

ನಾಲ್ಕಕ್ಷರ

ಕೊಡ್ತೀನಿ. ಎಷ್ಟು ಸ್ವಲ್ಪ ಇದ್ದರೂ ಸಾಕು.

ಕೆಂಪುದೀಪ

ಈಗ ಬ್ಲೇಡು ಮುಟ್ಟಲೇಬೇಡಿ. ಮೂರ್ನಾಲ್ಕು ವಾರ ಬಿಡಿ, ಎರಡು ಸೆಂಟಿಮೀಟರ್ ಆಗಲಿ. ಆಮೇಲೆ ಎಲೆಯ ತುದಿ ಮಾತ್ರ ತೆಗೀರಿ. ಇದು ಬೆಳೆಯೋದು ಬುಡದಲ್ಲಿ, ಎಲೆ ಮತ್ತು ದಂಟು ಸೇರೋ ಕಡೆ. ತುದಿ ಅಂದ್ರೆ ಹಳೇ ಭಾಗ, ಹೋದರೆ ಅದಕ್ಕೆ ಲೆಕ್ಕಕ್ಕಿಲ್ಲ. ನೀರು ವಾರಕ್ಕೊಮ್ಮೆ ಬದಲಿಸಿ. ಬಟ್ಟಲಿನ ಮುಚ್ಚಳ ತೆಗೆದಾಗ ಗರಿಯ ಬಟ್ಟಲುಗಳನ್ನ ಆ ಕೋಣೆಯಲ್ಲೇ ಇಡಬೇಡಿ.